ಟೀಪಾಯಿ ಮೇಲಿನ ನೀರಿನ ಕಲೆ

ಕೇಳುಗರೇ, ನಮಸ್ಕಾರ.

ನಮ್ಮ ರಾಯಚೂರಿನ ಬೇಸಿಗೆಯಲ್ಲಿ ಮನೆಗೆ ಯಾರೇ ಬರಲಿ, ಮೊದಲು ತಣ್ಣನೆ ನೀರು ಕೊಡುತ್ತೇವೆ. ಫ್ರಿಜ್ಜಿನ ನೀರು ತುಂಬಿದ ಸ್ಟೀಲ್ ಲೋಟ ಟೀಪಾಯಿ ಮೇಲೆ ಇಟ್ಟಲ್ಲೇ ಬೆವರುತ್ತದೆ. ಬಂದವರು ಎದ್ದು ಹೋದ ಮೇಲೆ ನೋಡಿದರೆ ಪಾಲಿಶ್ ಮೇಲೆ ಬಿಳಿ ಬಳೆಯಂಥ ಗುರುತು. ಬಿಸಿ ಬಿಸಿ ಮಿರ್ಚಿ ತಟ್ಟೆ ಇಟ್ಟರೂ ಇದೇ ಗತಿ.

ಕೂಡಲೇ ಪಾತ್ರೆ ತಿಕ್ಕುವ ನಾರು ಹಿಡಿದು ಕೂರಬೇಡಿ. ಮೊದಲು ಕಲೆಯ ಬಣ್ಣ ನೋಡಿ. ಬಿಳಿ ಇದ್ದರೆ ತೇವ ಪಾಲಿಶಿನಲ್ಲೇ ಸಿಕ್ಕಿಕೊಂಡಿದೆ, ಮರ ಚೆನ್ನಾಗಿಯೇ ಇದೆ. ಕಪ್ಪಿದ್ದರೆ ನೀರು ಮರಕ್ಕೇ ಇಳಿದಿದೆ.

ಬಿಳಿಯಲ್ಲೂ ಇನ್ನೊಂದು ಬಗೆ ಇದೆ. ನಮ್ಮ ಕಡೆ ಎಷ್ಟೋ ಬೋರ್‌ಗಳ ನೀರು ಸವಳು, ಅಲ್ವಾ? ನೀರು ಆರಿದರೂ ಉಪ್ಪು ಉಳಿಯುತ್ತದೆ. ಬೆರಳಿಂದ ಸವರಿ ನೋಡಿ. ತರಿತರಿಯಾಗಿದ್ದರೆ ಅದು ಉಪ್ಪು. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆ, ಹಿಂದೆಯೇ ಒಣ ಬಟ್ಟೆ.

ಬೆರಳಿಗೆ ನುಣ್ಣಗೆ ಸಿಕ್ಕರೆ ಒಂದೆರಡು ದಿನ ಸುಮ್ನೆ ಬಿಡಿ. ಎಷ್ಟೋ ಸಲ ತಾನೇ ಆರಿ ಮಾಯವಾಗುತ್ತದೆ. ಹೋಗದಿದ್ದರೆ ವ್ಯಾಸಲೀನ್ ಸವರಿ, ರಾತ್ರಿ ಬಿಟ್ಟು, ಬೆಳಗ್ಗೆ ಮೆತ್ತನೆ ಬಟ್ಟೆಯಿಂದ ಒರೆಸಿ. ಅದಕ್ಕೂ ಮೊದಲು ಧೂಳು ತೆಗೆದಿರಬೇಕು. ಬಳ್ಳಾರಿ, ಸಂಡೂರು ಕಡೆಯವರಿಗೆ ಆ ಕೆಂಪು ಧೂಳಿನ ವಿಷಯ ಹೇಳಬೇಕೇ? ಅದರ ಮೇಲೆಯೇ ತಿಕ್ಕಿದರೆ ಕಲೆಯ ಜೊತೆ ಗೀರೂ ಉಚಿತ! ಅಡುಗೆ ಎಣ್ಣೆ ಹಚ್ಚುವವರೂ ಇದ್ದಾರೆ. ನನಗಂತೂ ಅದು ಹಿಡಿಸುವುದಿಲ್ಲ, ಬರಬರುತ್ತಾ ಅಂಟಂಟಾಗುತ್ತದೆ.

ಇಷ್ಟಕ್ಕೂ ಜಗ್ಗದಿದ್ದರೆ ಇಸ್ತ್ರಿ ಪೆಟ್ಟಿಗೆ. ಕಲೆಯ ಮೇಲೆ ಒಣ ಹತ್ತಿ ಬಟ್ಟೆ ಎರಡು ಮಡಿಕೆ ಹಾಕಿ. ಇಸ್ತ್ರಿ ಎಲ್ಲಕ್ಕಿಂತ ಕಡಿಮೆ ಬಿಸಿಯಲ್ಲಿರಲಿ, ಹಬೆ ಬೇಡವೇ ಬೇಡ. ನಾಲ್ಕೈದು ಸೆಕೆಂಡ್ ಒತ್ತಿ, ಎತ್ತಿ, ನೋಡಿ. ಮತ್ತೆ ಒತ್ತಿ. ಹಳೇ ಸಾಮಾನಿಗೆ ಮಾತ್ರ ಈ ಉಪಾಯಕ್ಕೆ ಹೋಗಬೇಡಿ. ಅದರ ಪಾಲಿಶ್ ಹೆಚ್ಚಾಗಿ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮಾಡಿದ್ದು. ಅರಗು ಬಿಸಿಗೆ ಬೇಗ ಮೆತ್ತಗಾಗುತ್ತದೆ. ಅನುಮಾನ ಇದ್ದರೆ ಟೀಪಾಯಿಯ ಅಡಿಗೆ, ಕಾಣದ ಕಡೆ ಒಂದು ಹನಿ ಸ್ಪಿರಿಟ್ ಹಚ್ಚಿ. ಅಂಟಾದರೆ ಅರಗಿನ ಪಾಲಿಶ್ ಅಂತಲೇ ಲೆಕ್ಕ.

ಟೂತ್‌ಪೇಸ್ಟ್ ಉಪಾಯ ಎಲ್ಲರೂ ಹೇಳುತ್ತಾರೆ. ಅದು ಕಲೆಯನ್ನು ಕರಗಿಸುವುದಿಲ್ಲ, ಪಾಲಿಶನ್ನೇ ಸವೆಸುತ್ತದೆ. ಹೊಳಪು ಹೋದ ಜಾಗ ಆಮೇಲೆ ಇನ್ನೂ ಎದ್ದು ಕಾಣುತ್ತದೆ.

ಇನ್ನು ಕಪ್ಪು ಕಲೆ. ನೀರಿನ ಗಡಿಗೆ ಇಡುವ ಜಾಲಿ ಮರದ ಸ್ಟೂಲ್ ನೋಡಿ, ಮೊಳೆ ಹೊಡೆದ ಕಡೆ ಸುತ್ತಲೂ ಶಾಯಿ ಚೆಲ್ಲಿದಂತೆ ಕಪ್ಪಾಗಿರುತ್ತದೆ. ಜಾಲಿಯಲ್ಲಿ ಒಗರು ಜಾಸ್ತಿ. ಚರ್ಮ ಹದ ಮಾಡಲು ಅದರ ತೊಗಟೆ ಬಳಸುವುದೂ ಇದಕ್ಕೇ. ಗಡಿಗೆಯಿಂದ ಜಿನುಗಿದ ನೀರಿನಲ್ಲಿ ಆ ಒಗರೂ ಕಬ್ಬಿಣವೂ ಕೂಡಿದರೆ ಕಪ್ಪು. ಸಾಗವಾನಿಯಲ್ಲೂ ಹೀಗಾಗುತ್ತದೆ. ಇದಕ್ಕೆ ಮನೆಮದ್ದು ನಾಟುವುದಿಲ್ಲ. ಪಾಲಿಶ್ ಕೆರೆದು ಆಕ್ಸಾಲಿಕ್ ಆಮ್ಲ ಹಚ್ಚಬೇಕು. ಅದು ವಿಷ, ಕೈಗವಸು ಬೇಕು, ಮಕ್ಕಳು ಹತ್ತಿರ ಬರಬಾರದು. ಈ ಕೆಲಸ ಬಡಿಗೇರರಿಗೆ ಬಿಡಿ. ಹಾಗೆ ಬಿಡುವಾಗ ಇಡೀ ಹಲಗೆಗೆ ಪಾಲಿಶ್ ಮಾಡಲು ಹೇಳಿ. ಕಲೆ ಇದ್ದಷ್ಟಕ್ಕೇ ಮಾಡಿಸಿದರೆ ಆ ಜಾಗ ತೇಪೆಯಾಗಿಯೇ ಉಳಿಯುತ್ತದೆ.

ನಮಸ್ಕಾರ.