“ನೋಡ್ತಾನೇ ಇದ್ರಲ್ಲ” ಅಂದರೆ ಸಾಕಾ? ಎಳೆ ಮಗು, ಬಿಸಿಲು, ನೀರು

ನಮಸ್ಕಾರ. ಎಲ್ಲರೂ ಆರಾಮಾ? ಇವತ್ತು ಬಾಣಂತಿ ಊಟದ ಎರಡನೇ ಭಾಗ ಹಾಕುತ್ತೇನೆ ಅಂತ ಹೇಳಿದ್ದೆ. ಅದು ಮುಂದಿನ ವಾರ ಬರುತ್ತದೆ, ಖಂಡಿತ ಬರುತ್ತದೆ. ಇವತ್ತು ಒಂದು ಕಮೆಂಟಿಗೆ ಉತ್ತರ ಕೊಡಬೇಕು. ಮೂರು ದಿನದಿಂದ ಅದು ನನ್ನ ತಲೆಯಲ್ಲೇ ಕೂತಿದೆ.

ಹೋದ ಭಾನುವಾರ ಮಲ್ಪೆಗೆ ಹೋಗಿದ್ದೆವು. ಊರಿಂದ ಬಂದ ನೆಂಟರಿಗೆ ಮಧ್ಯಾಹ್ನದ ರೈಲು, ಅಷ್ಟರೊಳಗೆ ಕಡಲು ನೋಡಬೇಕು ಅಂತ ಆಸೆ. ಹಾಗಾಗಿ ಹನ್ನೊಂದೂವರೆಗೆ ಹೋದೆವು. ನನ್ನ ನಾಲ್ಕು ತಿಂಗಳ ಮಗಳು ಮನೆಯಲ್ಲಿ ಅಜ್ಜಿ ಹತ್ತಿರ ಇದ್ದಳು. ಅಲ್ಲಿ ಒಂದು ಕುಟುಂಬ ಇತ್ತು. ಅವರ ಮಗುವಿಗೆ ಐದು ತಿಂಗಳಿರಬಹುದು. ತಲೆಗೆ ಟೊಪ್ಪಿ ಇಲ್ಲ. ಒದ್ದೆ ಮರಳಿನ ಮೇಲೆ ಕೂರಿಸಿದ್ದರು. ಇನ್ನೂ ಸರಿಯಾಗಿ ಕೂರಲು ಬಾರದ ಮಗು, ಆ ಕಡೆ ಈ ಕಡೆ ವಾಲುತ್ತಿತ್ತು. ಅಪ್ಪ ನಾಲ್ಕು ಹೆಜ್ಜೆ ದೂರದಲ್ಲಿ ಫೋನ್ ಹಿಡಿದು ನಿಂತಿದ್ದರು. ಫೋಟೊದಲ್ಲಿ ತಾನು ಬರಬಾರದು ಅಂತ ಅಮ್ಮನೂ ಪಕ್ಕಕ್ಕೆ ಸರಿದಿದ್ದರು. ಆಗ ಒಂದು ತೆರೆ ಬಂತು. ದೊಡ್ಡದೇನಲ್ಲ, ನಮ್ಮ ಪಾದ ಮುಳುಗುವಷ್ಟು. ಮಗು ಹಿಂದಕ್ಕೆ ಬಿತ್ತು. ಅಮ್ಮ ಓಡಿ ಬಂದು ಎತ್ತಿಕೊಂಡರು. ಮಗು ಒಂದು ಕ್ಷಣ ಉಸಿರು ಹಿಡಿದು ಆಮೇಲೆ ಅತ್ತಿತು. ಅದು ಅತ್ತಾಗ ನನಗೂ ಉಸಿರು ಬಂತು.

ಯಾರನ್ನೂ ತೋರಿಸದೆ, ಬರೀ ಮಾತಿನಲ್ಲಿ, ಇದರ ಬಗ್ಗೆ ಒಂದು ನಿಮಿಷದ ವಿಡಿಯೋ ಹಾಕಿದೆ. ಅದಕ್ಕೆ ಒಬ್ಬರು ಬರೆದರು: “ಅಕ್ಕ, ನಿಮ್ಮದು ಸ್ವಲ್ಪ ಜಾಸ್ತಿ ಆಯ್ತು. ಅವರೇನು ಮಗುವನ್ನು ಬಿಟ್ಟು ಹೋಗಿದ್ರಾ? ನೋಡ್ತಾನೇ ಇದ್ರಲ್ಲ.” ಆ ಕಮೆಂಟಿಗೆ ಲೈಕಿನ ಮೇಲೆ ಲೈಕ್.

ಹೌದು, ನೋಡುತ್ತಿದ್ದರು. ನಾನು ಹೇಳುತ್ತಿರುವುದೂ ಅದನ್ನೇ. ಇಬ್ಬರೂ ನೋಡುತ್ತಿದ್ದರು, ಇಬ್ಬರ ಕೈಯೂ ಮಗುವಿನ ಮೇಲೆ ಇರಲಿಲ್ಲ. ಕೂರಲು ಬಾರದ ಮಗು ನೀರಿನ ಹತ್ತಿರ ಇದ್ದರೆ ಕಣ್ಣು ಸಾಲದು, ಕೈ ಬೇಕು. ಇವತ್ತು ನಾನು ಹೇಳುವುದು ಇದೊಂದೇ. ಹತ್ತು ಸಲ ಹೇಳುತ್ತೇನೆ, ಕೇಳಿಸಿಕೊಳ್ಳಿ.

ಇದು ನನಗೆ ಹೇಗೆ ಗೊತ್ತು ಅಂತ ಹೇಳುತ್ತೇನೆ. 2019ರ ಬೇಸಿಗೆ. ಆಗ ನಾವು ಮಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ತುಂಬೆ ಡ್ಯಾಮಿನಲ್ಲಿ ನೀರು ಇಳಿದು ನಗರಕ್ಕೆ ರೇಷನಿಂಗ್ ಮಾಡಿದ್ದು ನಿಮಗೂ ನೆನಪಿರಬಹುದು. ನೀರು ಬಂದ ದಿನ ಇದ್ದಬದ್ದ ಬಾಲ್ದಿ, ಡ್ರಮ್, ಕೊಡಪಾನ ಎಲ್ಲ ತುಂಬಿಸಿ ಇಡುತ್ತಿದ್ದೆವು. ನನ್ನ ಮಗನಿಗೆ ಆಗ ಹತ್ತು ತಿಂಗಳು. ನಾನು ಅಡುಗೆಮನೆ ಬಾಗಿಲಲ್ಲಿ ಕೂತು ಬಸಳೆ ಬಿಡಿಸುತ್ತಿದ್ದೆ. ಎದುರಿಗೇ ಬಚ್ಚಲು, ಬಾಗಿಲು ತೆರೆದಿತ್ತು. ಅವನು ಅಂಬೆಗಾಲಿನಲ್ಲಿ ಹೋಗಿ ಬಾಲ್ದಿಯ ಅಂಚು ಹಿಡಿದು ಎದ್ದು ನಿಂತ. ಮೊದಲನೇ ಸಲ ನಿಂತದ್ದು! ನನಗೆ ಖುಷಿಯೋ ಖುಷಿ. “ಅತ್ತೆ, ಬನ್ನಿ ಬನ್ನಿ, ನಿಂತ ನೋಡಿ” ಅಂತ ಕೂಗಲು ಆ ಕಡೆ ತಿರುಗಿದೆ. ಮತ್ತೆ ಈ ಕಡೆ ನೋಡುವಾಗ ಬಾಲ್ದಿಯ ಹೊರಗೆ ಎರಡು ಕಾಲು ಮಾತ್ರ ಕಾಣುತ್ತಿತ್ತು.

ಬಾಲ್ದಿಯಲ್ಲಿ ಒಂದು ಗೇಣು ನೀರೂ ಇರಲಿಲ್ಲ. ಶಬ್ದವೂ ಇರಲಿಲ್ಲ. ಕೂಗಿಲ್ಲ, ನೀರು ಚೆಲ್ಲಿಲ್ಲ, ಏನೂ ಇಲ್ಲ. ಅತ್ತೆ ನನಗಿಂತ ಮೊದಲು ತಲುಪಿ ಎತ್ತಿದರು. ಅವನು ಕೆಮ್ಮಿ, ವಾಂತಿ ಮಾಡಿ ಅತ್ತ. ಡಾಕ್ಟರಿಗೆ ತೋರಿಸಿದೆವು. ಚೆನ್ನಾಗಿದ್ದಾನೆ, ಈಗ ಶಾಲೆಗೆ ಹೋಗುತ್ತಾನೆ. ನಾನು ಕೂಡ ನೋಡ್ತಾನೇ ಇದ್ದೆ, ಅಲ್ವಾ? ನನ್ನಷ್ಟು ಪ್ರೀತಿಯಿಂದ ಆ ಹೊತ್ತಿನಲ್ಲಿ ಅವನನ್ನು ನೋಡುತ್ತಿದ್ದವರು ಬೇರೆ ಯಾರೂ ಇರಲಿಲ್ಲ.

ಮೈಗೆ ಹೋಲಿಸಿದರೆ ಎಳೆ ಮಗುವಿನ ತಲೆ ಬಹಳ ಭಾರ. ಬಗ್ಗಿದರೆ ತಲೆಯೇ ಮೊದಲು ಹೋಗುತ್ತದೆ. ಕೈಯಲ್ಲಿ ಊರಿ ಮೇಲೆ ಏಳುವ ಶಕ್ತಿ ಅದಕ್ಕಿಲ್ಲ. ಬಾಲ್ದಿ ಗಟ್ಟಿ ಇದ್ದರೆ ಅದು ಮಗುಚುವುದೂ ಇಲ್ಲ. ಮೂಗು ಬಾಯಿ ಮುಚ್ಚುವಷ್ಟು ನೀರಿದ್ದರೆ ಆಯಿತು, ಎರಡು ಇಂಚು ಸಾಕು. ಮುಳುಗುವವರು ಕೈ ಬಡಿಯುತ್ತಾರೆ, ಕಿರುಚುತ್ತಾರೆ ಅನ್ನುವುದು ಸಿನಿಮಾದಲ್ಲಿ. ಮಗು ಸುಮ್ನೆ ಮುಳುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಐದು ವರ್ಷದ ಒಳಗಿನ ಮಕ್ಕಳು. ಆ ಮಕ್ಕಳಲ್ಲಿ ಎಷ್ಟೋ ಮಂದಿಯ ಹತ್ತಿರದಲ್ಲೇ ಅಮ್ಮನೋ ಅಜ್ಜಿಯೋ ಇದ್ದಿರಬೇಕು. ಅದನ್ನು ಯೋಚಿಸಿದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಮ್ಮಲ್ಲಿ ಬಾಣಂತನಕ್ಕೆ ಮಗು ಮೀಯಿಸಲು ಬರುವ ಅಮ್ಮಂದಿರನ್ನು ನೋಡಿದ್ದೀರಲ್ಲ? ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಳ್ಳುತ್ತಾರೆ. ಒಂದು ಕೈಯಲ್ಲಿ ನೀರು ಹೊಯ್ಯುತ್ತಾರೆ, ಇನ್ನೊಂದು ಕೈ ಮಗುವಿನ ಮೇಲೆ. ಎಣ್ಣೆ ಹಚ್ಚಿದ ಮೈ, ಜಾರುತ್ತದೆ. ಅವರ ಕೈ ಒಂದು ಕ್ಷಣವೂ ಬಿಡುವುದಿಲ್ಲ. ಹಂಡೆಯ ನೀರು ಬೇಕಾದರೆ “ತಕೊಂಡು ಬಾ” ಅಂತ ನಮ್ಮನ್ನು ಕೂಗುತ್ತಾರೆಯೇ ಹೊರತು ತಾವು ಏಳುವುದಿಲ್ಲ. ಗೇಟಿನಲ್ಲಿ ಯಾರೇ ಬಂದು ನಿಂತರೂ ಏಳುವುದಿಲ್ಲ. ನಮ್ಮ ಮನೆಗೆ ಬರುವ ಅಮ್ಮನಿಗೆ ಇದನ್ನು ಯಾವ ಡಾಕ್ಟರೂ ಹೇಳಿಕೊಟ್ಟಿಲ್ಲ. ಈಗ ನಾವು ಟಬ್ ತಂದಿದ್ದೇವೆ, ಟಬ್ಬಿನೊಳಗೆ ಕೂರಿಸುವ ಸೀಟ್ ತಂದಿದ್ದೇವೆ. ಸೀಟಿನಲ್ಲಿ ಕೂರಿಸಿದರೆ ಕೈ ಬಿಡಬಹುದು ಅಂದುಕೊಂಡಿದ್ದೇವೆ. ಬಿಡಬೇಡಿ. ಸೀಟು ಮಗುಚುತ್ತದೆ, ಮಗು ಜಾರುತ್ತದೆ. ಮಗುವಿನ ಕತ್ತಿಗೆ ಹಾಕುವ ಗಾಳಿ ಬಳೆ ಬಂದಿದೆಯಲ್ಲ ಆನ್‌ಲೈನಿನಲ್ಲಿ, ಅದರ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲೇ ಎಚ್ಚರಿಕೆ ಕೊಟ್ಟಿದೆ. ದಯವಿಟ್ಟು ಅದನ್ನು ತರಿಸಬೇಡಿ. ಉಡುಗೊರೆ ಬಂದರೂ ಬಳಸಬೇಡಿ.

“ಅಕ್ಕ, ನೀರಿನದ್ದು ಸರಿ, ಬಿಸಿಲಿಗೂ ಕೈಗೂ ಎಂತ ಸಂಬಂಧ?” ಅಂತ ಕೇಳಬಹುದು. ಇದೆ. ಸ್ಟ್ರೋಲರಿಗೆ ಬಿಸಿಲು ಬೀಳುತ್ತದೆ ಅಂತ ಮೇಲೆ ಬೈರಾಸು ಹೊದಿಸುತ್ತೇವೆ. ನೋಡಿದರೆ ನೆರಳು, ಮಗು ಹಾಯಾಗಿ ಮಲಗಿದೆ. ಆ ಬೈರಾಸಿನ ಒಳಗೆ ಒಮ್ಮೆ ಕೈ ಹಾಕಿ. ಒಂದು ನಿಮಿಷ ಹಾಗೇ ಇಡಿ. ಗಾಳಿ ಆಡದೆ ಒಳಗೆ ಧಗೆ ಕೂತಿರುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ದೊಡ್ಡವರಿಗೇ ಬೆವರು ಆರುವುದಿಲ್ಲ. ಎಳೆ ಮಗುವಿಗೆ ಸರಿಯಾಗಿ ಬೆವರಲೂ ಬರುವುದಿಲ್ಲ, ಮೈ ಬೇಗ ಕಾಯುತ್ತದೆ. ಕತ್ತಿನ ಹಿಂದೆ, ಎದೆಯ ಮೇಲೆ ಕೈ ಇಟ್ಟು ನೋಡಿ. ಅಲ್ಲಿ ಬಿಸಿ ಇದ್ದರೆ ಮಗುವಿಗೆ ಸೆಕೆ ಆಗಿದೆ ಅಂತ ಅರ್ಥ. ನೆರಳಿಗೆ ಕರೆದುಕೊಂಡು ಹೋಗಿ, ಬಟ್ಟೆ ಸಡಿಲ ಮಾಡಿ, ಹಾಲು ಕೊಡಿ. ಆರು ತಿಂಗಳ ಒಳಗಿದ್ದರೆ ಹಾಲು ಮಾತ್ರ, ನೀರು ಬೇಡ. ತಾಯಿ ಹಾಲಿನಲ್ಲಿ ನೂರಕ್ಕೆ ಸುಮಾರು 88 ಭಾಗ ನೀರೇ ಇದೆ. ಬಾಯಾರಿತು ಅಂತ ಚಮಚದಲ್ಲಿ ನೀರು ಕುಡಿಸುತ್ತಾ ಹೋದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಮಗು ಮಂಕಾಗಿದ್ದರೆ, ಮೂತ್ರ ಕಡಿಮೆಯಾಗಿದ್ದರೆ, ನೆತ್ತಿ ಒಳಗೆ ಹೋದಂತೆ ಕಂಡರೆ ಕಾಯಬೇಡಿ, ಡಾಕ್ಟರ್ ಹತ್ತಿರ ಓಡಿ.

ಆರು ತಿಂಗಳ ಒಳಗಿನ ಮಗುವಿಗೆ ನೇರ ಬಿಸಿಲು ಬೇಡವೇ ಬೇಡ. ನೆರಳು, ತೆಳ್ಳಗಿನ ಕಾಟನ್ ಉದ್ದ ತೋಳಿನ ಅಂಗಿ, ಅಂಚಿರುವ ಟೊಪ್ಪಿ. ಆ ವಯಸ್ಸಿಗೆ ಸನ್‌ಸ್ಕ್ರೀನ್ ಕೂಡ ಡಾಕ್ಟರನ್ನು ಕೇಳದೆ ಹಚ್ಚಬೇಡಿ. ತೆಂಗಿನೆಣ್ಣೆ ಹಚ್ಚಿದ್ದೇವೆ, ಸಾಕು ಅನ್ನುವವರೇ, ತೆಂಗಿನೆಣ್ಣೆ ಬಿಸಿಲು ತಡೆಯುವುದಿಲ್ಲ. ಕಡಲ ಬದಿಯಲ್ಲಿ ಬಿಸಿಲು ಮೇಲಿನಿಂದ ಮಾತ್ರ ಬರುವುದಲ್ಲ. ಒಣ ಮರಳು, ತೆರೆಯ ನೊರೆ ಅದನ್ನು ವಾಪಸ್ ಎಸೆಯುತ್ತವೆ. ಕೊಡೆ ಹಿಡಿದರೂ ಕೆಳಗಿನಿಂದ ಬರುತ್ತದೆ. ಏಪ್ರಿಲ್ 24–25ರ ಸುಮಾರಿಗೆ ನಮ್ಮ ಮಂಗಳೂರು, ಉಡುಪಿಯಲ್ಲಿ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಶೂನ್ಯ ನೆರಳಿನ ದಿನ ಅಂತ ಶಾಲೆ ಮಕ್ಕಳಿಗೆ ತೋರಿಸುತ್ತಾರೆ. ನೆರಳೇ ಇಲ್ಲದ ಹೊತ್ತಿನಲ್ಲಿ ಮರಳಿನ ಮೇಲೆ ಐದು ತಿಂಗಳ ಮಗುವಿಗೆ ಏನು ಕೆಲಸ? ಬಂಗುಡೆ ಒಣಗಿಸುವ ಹೊತ್ತು ಅದು.

ಈಗ ಉಳಿದ ಕಮೆಂಟುಗಳು. “ವಿಟಮಿನ್ ಡಿ ಬೇಡವಾ? ನಮ್ಮ ಅಜ್ಜಿ ದಿನಾ ಎಳೆಬಿಸಿಲಿಗೆ ಹಿಡಿಯುತ್ತಿದ್ದರು.” ಅದಕ್ಕೆ ಬಾಯಿಗೆ ಹಾಕುವ ವಿಟಮಿನ್ ಡಿ ಹನಿ ಇದೆ. ಹುಟ್ಟಿದಾಗಿನಿಂದ ಒಂದು ವರ್ಷದವರೆಗೆ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಲೆಕ್ಕ) ಅಂತ ನಮ್ಮ ದೇಶದ ಮಕ್ಕಳ ಡಾಕ್ಟರುಗಳ ಸಂಘವೇ ಹೇಳುತ್ತದೆ. ಅಜ್ಜಿ ಹಿಡಿಯುತ್ತಿದ್ದರು ಅಂದಿರಲ್ಲ, ಆ ಮಾತನ್ನೇ ನೋಡಿ. ಕೈಯಲ್ಲಿ ಹಿಡಿಯುತ್ತಿದ್ದರು. ಬಿಸಿ ತಾಗಿದ ಕೂಡಲೇ ಒಳಗೆ ತರುತ್ತಿದ್ದರು.

“ಲೈಫ್‌ಗಾರ್ಡ್ ಇದ್ದಾರಲ್ಲ.” ಅವರು ಇಡೀ ಬೀಚ್ ನೋಡಬೇಕು. ನಿಮ್ಮ ಮಗುವಿಗೆ ಅಂತ ಅವರ ಕೈ ಇಲ್ಲ, ನಿಮ್ಮ ಕೈ ಇದೆ.

“ನಾವು ಕಡಲ ಬದಿಯಲ್ಲೇ ಹುಟ್ಟಿ ಬೆಳೆದವರು, ನಮಗೆ ಹೇಳ್ತೀರಾ?” ಹೌದು, ಹೇಳುತ್ತೇನೆ. ಕಡಲು ಗೊತ್ತಿರುವವರಿಗೆ ಕಡಲಿನ ಭಯ ಜಾಸ್ತಿ ಇರುತ್ತದೆ. ಜೂನ್ 1ರಿಂದ ಜುಲೈ 31, 61 ದಿನ ಯಾಂತ್ರಿಕ ದೋಣಿಗಳು ಬಂದರಿನಲ್ಲೇ ಇರುತ್ತವೆ. ಮೀನಿನ ಸಂತತಿಗಾಗಿ ಮಾಡಿದ ನಿಯಮ ಅದು. ಆದರೆ ಆ ಮಳೆಗಾಲದ ಕಡಲಿನ ಬಗ್ಗೆ ಮಲ್ಪೆಯ ಯಾವ ಮೀನುಗಾರರನ್ನು ಬೇಕಾದರೂ ಕೇಳಿ. “ಎಂತ ಆಗುದಿಲ್ಲ ಮಾರಾಯ್ರೆ” ಅಂತ ಅವರು ಹೇಳುವುದಿಲ್ಲ. ಆ ಮಾತು ಹೇಳುವವರು ಚರ್ಮುರಿ ಗಾಡಿಯ ಹತ್ತಿರ ನಿಂತಿರುತ್ತಾರೆ. ಒಂದು ಕೈಯಲ್ಲಿ ಚರ್ಮುರಿ, ಇನ್ನೊಂದು ಕೈಯಲ್ಲಿ ಫೋನ್. ಮಗುವಿಗೆ ಯಾವ ಕೈ?

“ನಾವೆಲ್ಲ ಹಾಗೇ ಬೆಳೆದಿಲ್ವಾ?” ಬೆಳೆದಿದ್ದೀರಿ, ದೇವರು ದೊಡ್ಡವನು. ಬೆಳೆಯದೆ ಹೋದ ಮಕ್ಕಳು ಕಮೆಂಟ್ ಹಾಕಲು ಬರುವುದಿಲ್ಲ. ಈ ಪ್ರಶ್ನೆಗೆ ಇನ್ನು ಮುಂದೆ ನಾನು ಉತ್ತರ ಕೊಡುವುದಿಲ್ಲ.

ಕಾರಿನ ಮಾತೂ ಹೇಳಿಬಿಡುತ್ತೇನೆ. “ಮಲಗಿದೆ, ಎಬ್ಬಿಸುವುದು ಬೇಡ, ಎರಡು ನಿಮಿಷದಲ್ಲಿ ಮೀನು ತಕೊಂಡು ಬರ್ತೇನೆ.” ಬೇಡ! ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಶಾಖ ಏರುತ್ತದೆ. ಕಿಟಕಿ ಸ್ವಲ್ಪ ಇಳಿಸಿದರೂ ಅಷ್ಟೇ. ಎತ್ತಿಕೊಂಡೇ ಹೋಗಿ. ಮೀನು ಆಮೇಲೆ ತಂದರೂ ಆಗುತ್ತದೆ.

ಹಾಗೇ ಏನಾದರೂ ಆಗಿಯೇ ಹೋದರೆ, ಮಗುವನ್ನು ಕಾಲು ಹಿಡಿದು ತಲೆಕೆಳಗೆ ಮಾಡಿ ಅಲ್ಲಾಡಿಸಬೇಡಿ. 108ಕ್ಕೆ ಫೋನ್ ಮಾಡಿಸಿ, ಉಸಿರು ಕೊಡಲು ಶುರು ಮಾಡಿ. ಮಕ್ಕಳ ಸಿಪಿಆರ್, ಅಂದರೆ ಉಸಿರು ನಿಂತಾಗ ಎದೆ ಒತ್ತಿ ಉಸಿರು ಕೊಡುವುದನ್ನು, ಕಲಿಯಲು ಅರ್ಧ ದಿನ ಸಾಕು. ನಾನು ಮಗ ಬಿದ್ದ ಮೇಲೆ ಕಲಿತೆ. ನೀವು ಮೊದಲೇ ಕಲಿಯಿರಿ. ಗೊಂಬೆ ಇಟ್ಟುಕೊಂಡು ಕಲಿಸುವವರನ್ನು ಕರೆಸಿ ನಮ್ಮ ಚಾನೆಲಿನಲ್ಲೇ ಒಂದು ಪೂರ್ತಿ ಎಪಿಸೋಡ್ ಮಾಡಬೇಕು ಅಂತ ಇದ್ದೇನೆ. ಸಬ್‌ಸ್ಕ್ರೈಬ್ ಮಾಡಿಕೊಂಡಿರಿ, ತಪ್ಪಿಸಿಕೊಳ್ಳಬೇಡಿ. ಮನೆಯಲ್ಲಿ ಬಾಣಂತಿ ಇರುವವರಿಗೆಲ್ಲ ಈ ವಿಡಿಯೋ ಕಳಿಸಿ. ನಿಮ್ಮ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ. ಅತ್ತೆ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಹಾಕಿ.

ಈಗಲೇ ಒಂದು ಕೆಲಸ. ವಿಡಿಯೋ ನಿಲ್ಲಿಸಿ, ಬಚ್ಚಲಿಗೆ ಹೋಗಿ. ಬಾಲ್ದಿಯಲ್ಲಿ ನೀರಿದ್ದರೆ ಚೆಲ್ಲಿ ಮಗುಚಿ ಇಡಿ. ನೀರು ಕಷ್ಟ ಅಂದರೆ ಮುಚ್ಚಳ ಹಾಕಿ, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ. ಅಂಗಳದಲ್ಲಿ ಬಾವಿ ಇದ್ದರೆ ಬಲೆ ಹಾಕಿಸಿ. ಹೋಗಿ ಬನ್ನಿ, ನಾನು ಇಲ್ಲೇ ಇರುತ್ತೇನೆ.

ಬಂದಿರಾ? ಕಣ್ಣು ಸಾಲದು. ಕೈ ಬೇಕು. ಕೈ, ಕೈ, ಕೈ! ನಾನು ಕೂಗುತ್ತಿದ್ದೇನೆ ಅಂತ ನನಗೂ ಗೊತ್ತು. ಆ ಎರಡು ಪುಟ್ಟ ಕಾಲು ನನಗೆ ಈಗಲೂ ಕಾಣುತ್ತದೆ, ಅದಕ್ಕೇ ಕೂಗುತ್ತೇನೆ.

ಆ ಕಮೆಂಟ್ ಹಾಕಿದವರಿಗೆ ಕೊನೆಗೆ ಒಂದು ಮಾತು. ನಿಮ್ಮ ಪ್ರೊಫೈಲ್ ಫೋಟೊದಲ್ಲಿ ಒಂದು ಮಗು ಇದೆ, ಬಹಳ ಮುದ್ದಾಗಿದೆ. ನಿಮ್ಮ ಮೇಲೆ ನನಗೆ ಕೋಪ ಇಲ್ಲ. ಒಂದು ಸಂಜೆ ಐದೂವರೆ ಮೇಲೆ ಮಲ್ಪೆಗೆ ಬನ್ನಿ. ಮಗುವಿಗೆ ಟೊಪ್ಪಿ ಹಾಕಿಕೊಂಡು ಬನ್ನಿ. ನಾನೂ ಬರುತ್ತೇನೆ. ನೀವು ಮಗುವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಿ, ಫೋಟೊ ನಾನು ತೆಗೆದುಕೊಡುತ್ತೇನೆ.