ಎಂಜಿನ್ ಮುಂಬಾಗಿಲಿನಿಂದಲೇ ಹೊರಬರಲಿ

ಹಿರಿಯ ಮೆಕ್ಯಾನಿಕ್ ಮಿತ್ರರೇ, ಕೆಲಸ ಕಲಿಯುತ್ತಿರುವ ತರುಣರೇ,

ಬೆಳಗಿನ ಗೋಷ್ಠಿಯಲ್ಲಿ ಮಾತನಾಡಿದ ಮಿತ್ರರು ಚಾಲಕ ಕೂರುವ ಕ್ಯಾಬನ್ನು ಅಡಿಚೌಕಟ್ಟಾದ ಚಾಸಿಯಿಂದ ಬೇರ್ಪಡಿಸಿ, ಲಿಫ್ಟಿನ ತೋಳುಗಳ ಮೇಲೆ ಆಳೆತ್ತರಕ್ಕೆ ಏರಿಸಿ, ಅದರ ಕೆಳಗೆ ಎಂಜಿನ್ ಹೇಗೆ ಅಂಗೈ ಮೇಲಿನ ನೆಲ್ಲಿಕಾಯಿಯಂತೆ ಕಾಣಿಸುತ್ತದೆ ಎಂಬುದನ್ನು ಚಿತ್ರಗಳ ಸಮೇತ ತೋರಿಸಿದರು. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಚಿತ್ರಗಳನ್ನು ನೋಡಿದ ತರುಣರು, ಉದ್ದ ಮೂತಿಯ ಡೀಸೆಲ್ ಟ್ರಕ್ಕಿನಲ್ಲಿ ಎಂಜಿನ್ ಇಳಿಸಲು ಇದೊಂದೇ ದಾರಿ ಎಂದು ನಂಬಿಕೊಂಡು ಮನೆಗೆ ಹೋಗಬಾರದು ಎಂಬ ಒಂದೇ ಕಾರಣಕ್ಕೆ, ನಾನು ಸಿದ್ಧಪಡಿಸಿಕೊಂಡು ಬಂದಿದ್ದ ವಿಷಯವನ್ನು ಬದಿಗಿಟ್ಟು ಕ್ಯಾಬನ್ನು ಎತ್ತದೆ, ಗಾಡಿಯ ಮುಂಭಾಗ ಬಿಚ್ಚಿ ಎಂಜಿನ್ನನ್ನು ಮುಂದಿನಿಂದ ಹೊರತೆಗೆಯುವ ಈ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಕ್ಯಾಬ್ ಮುಂದಕ್ಕೆ ಬಾಗುವ ಚಪ್ಪಟೆ ಮೂತಿಯ ಲಾರಿಗಳ ವಿಚಾರ ಬೇರೆ. ಅಲ್ಲಿ ಬಾಗಿಸುವುದಕ್ಕೆಂದೇ ಕೀಲು ಕೊಟ್ಟಿರುತ್ತಾರೆ. ನಾನು ಹೇಳುತ್ತಿರುವುದು ಬಾನೆಟ್ಟಿನ ಕೆಳಗೆ ಎಂಜಿನ್ ಇರುವ, ಆದರೆ ಅದರ ಹಿಂಭಾಗ ಮುಂಗಾಜಿನ ಬುಡದೊಳಗೆ ಅರ್ಧ ಹುದುಗಿ ಕುಳಿತಿರುವ ಪಿಕಪ್ ಮತ್ತು ಮಧ್ಯಮ ಟ್ರಕ್ಕುಗಳ ಬಗ್ಗೆ.

ಕ್ಯಾಬ್ ಎತ್ತುವವರ ಮುಖ್ಯ ವಾದವನ್ನು ನಾನೇ ಅವರ ಪರವಾಗಿ ಹೇಳಿಬಿಡುತ್ತೇನೆ. ಕಾರ್ಖಾನೆಯಲ್ಲಿ ಮೊದಲು ಚಾಸಿ, ಅದರ ಮೇಲೆ ಎಂಜಿನ್ ಮತ್ತು ಗೇರ್‌ಬಾಕ್ಸ್, ಆಮೇಲೆ ಕ್ಯಾಬ್ ಬಂದು ಕೂರುತ್ತದೆ. ಆದ್ದರಿಂದ ಬಿಚ್ಚುವಾಗ ಕ್ಯಾಬ್ ಮೊದಲು ಏಳುವುದೇ ಸಹಜ ಕ್ರಮ ಎಂದು ಅವರು ಹೇಳುತ್ತಾರೆ. ಕೇಳಲು ಸೊಗಸಾಗಿದೆ. ಆದರೆ ಕಾರ್ಖಾನೆಗೆ ಬರುವ ಕ್ಯಾಬಿನ ಬೋಲ್ಟುಗಳಿಗೆ ಮಳೆ, ಕೆಸರು, ಉಪ್ಪು ಯಾವುದೂ ತಾಕಿರುವುದಿಲ್ಲ. ನಮ್ಮ ಬಳಿಗೆ ಬರುವ ಟ್ರಕ್ಕು ಹತ್ತು ಹದಿನೈದು ವರ್ಷ ರಸ್ತೆಯಲ್ಲಿ ಓಡಿರುತ್ತದೆ. ಅದರ ಕ್ಯಾಬ್ ಮೌಂಟಿಂಗಿನ ಬೋಲ್ಟು ತುಕ್ಕು ಹಿಡಿದು ನಟ್ಟಿನೊಂದಿಗೆ ಒಂದಾಗಿರುತ್ತದೆ. ಆ ನಟ್ಟು ಕ್ಯಾಬಿನ ನೆಲದೊಳಗಿನ ಪೆಟ್ಟಿಗೆಯಲ್ಲಿ ಸೆರೆಯಾಗಿರುವುದರಿಂದ, ಬಲವಂತ ಮಾಡಿದರೆ ಪೆಟ್ಟಿಗೆಯಿಂದ ಕಳಚಿಕೊಂಡು ಬೋಲ್ಟಿನ ಜೊತೆಯಲ್ಲೇ ಸುತ್ತತೊಡಗುತ್ತದೆ. ಆಗ ಮ್ಯಾಟ್ ತೆಗೆದು, ನೆಲದ ತಗಡನ್ನು ಕತ್ತರಿಸಿ, ನಟ್ಟನ್ನು ಹಿಡಿದು ಬಿಚ್ಚಿ, ಕೆಲಸ ಮುಗಿದ ಮೇಲೆ ತೂತಿಗೆ ತೇಪೆ ಹಾಕಬೇಕು. ಎಂಜಿನ್ ಕೆಟ್ಟಿದೆಯೆಂದು ಬಂದವನ ಗಾಡಿಯ ನೆಲ ಕೊಯ್ದು ಕಳಿಸುವುದನ್ನು ನೆಗಡಿಗೆ ಮೂಗು ಕೊಯ್ದಂತೆ ಎಂದರೆ ಬೆಳಗಿನ ಮಿತ್ರರು ಬೇಸರಿಸಿಕೊಳ್ಳಬಾರದು.

ಇಷ್ಟು ಮಾತ್ರವಲ್ಲ. ಕ್ಯಾಬ್ ಏಳಬೇಕಾದರೆ ಸ್ಟಿಯರಿಂಗ್ ಶಾಫ್ಟಿನ ಜೋಡಣೆ, ಬ್ರೇಕ್ ಪೈಪುಗಳು, ಹ್ಯಾಂಡ್‌ಬ್ರೇಕ್ ಕೇಬಲ್, ಗೇರ್ ಬದಲಾಯಿಸುವ ಕೊಂಡಿ, ಹೀಟರಿನ ಹೋಸುಗಳು, ಏಸಿ ಪೈಪುಗಳು, ವೈರಿಂಗಿನ ಮುಖ್ಯ ಕನೆಕ್ಟರುಗಳು, ಅರ್ತ್ ಪಟ್ಟಿಗಳು ಇವೆಲ್ಲ ಬಿಡಿಸಿಕೊಳ್ಳಬೇಕು. ಬ್ರೇಕನ್ನೂ ಸ್ಟಿಯರಿಂಗನ್ನೂ ಮುಟ್ಟದೆ ಮುಗಿಯುವ ಕೆಲಸಕ್ಕೆ ಅವೆರಡನ್ನೂ ಬಿಚ್ಚುವುದೆಂದರೆ ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ಮುಂಭಾಗವಾದರೋ ಬೋಲ್ಟಿನಿಂದ ಕೂಡಿದ್ದು, ಬಿಚ್ಚುವುದಕ್ಕೆಂದೇ ಕೂಡಿದ್ದು. ಬಂಪರ್, ಗ್ರಿಲ್, ಹೆಡ್‌ಲೈಟು, ರೇಡಿಯೇಟರಿನ ಮೇಲಿನ ಅಡ್ಡಪಟ್ಟಿ, ಇವುಗಳನ್ನು ಗುದ್ದು ತಿಂದ ಗಾಡಿಗಳಲ್ಲಿ ದಿನಬೆಳಗಾದರೆ ಬದಲಾಯಿಸುತ್ತೇವೆ. ಅಲ್ಲಿ ಸ್ಪ್ಯಾನರ್ ಹಾಕಲು ಜಾಗವಿದೆ, ಬೆಳಕಿದೆ, ನಿಂತು ಕೆಲಸ ಮಾಡಬಹುದು. ಅಡ್ಡಪಟ್ಟಿಯನ್ನು ವೆಲ್ಡ್ ಮಾಡಿರುವ ಗಾಡಿಗಳೂ ಇವೆ ಎಂಬುದನ್ನು ಒಪ್ಪುತ್ತೇನೆ, ಅಲ್ಲಿ ಲೆಕ್ಕ ಬೇರೆ.

ಈಗ ದಾರಿಯ ವಿಷಯ. ಎಂಜಿನ್ ನೇರವಾಗಿ ಮೇಲಕ್ಕೆ ಬರುವುದಿಲ್ಲ, ಏಕೆಂದರೆ ಹಿಂಭಾಗದ ತಲೆಯ ಮೇಲೆ ಮುಂಗಾಜಿನ ಬುಡ ಚಾಚಿಕೊಂಡಿದೆ. ನೇರವಾಗಿ ಮುಂದಕ್ಕೂ ಬರುವುದಿಲ್ಲ, ಏಕೆಂದರೆ ಎಂಜಿನ್ನಿನ ತಳದ ಎಣ್ಣೆತೊಟ್ಟಿಯಾದ ಆಯಿಲ್ ಸಂಪಿನ ಎದುರಿಗೆ ಚಾಸಿಯ ಅಡ್ಡತೊಲೆಯೋ ಮುಂದಿನ ಆಕ್ಸಲ್ಲೋ ಅಡ್ಡಬರುತ್ತದೆ. ಆದ್ದರಿಂದ ಮೊದಲು ಮೌಂಟಿಂಗಿನಿಂದ ಬಿಡಿಸಿಕೊಳ್ಳುವಷ್ಟು ಮಾತ್ರ ಮೇಲೆ, ಆಮೇಲೆ ಗೇರ್‌ಬಾಕ್ಸಿನಿಂದ ಪೂರ್ತಿ ಬೇರ್ಪಡುವವರೆಗೆ ಅದರದೇ ಓರೆಯಲ್ಲಿ ಮುಂದೆ, ಅನಂತರ ಮೂತಿಯನ್ನು ಎತ್ತಿ, ಮತ್ತೆ ಮೇಲೆ, ಮತ್ತೆ ಮುಂದೆ. ಮುಂಬಾಗಿಲು ತೆರೆದಿದ್ದರೆ ಈ ಚಲನೆಗೆ ಜಾಗ ತಾನಾಗಿಯೇ ಸಿಗುತ್ತದೆ. ರೇಡಿಯೇಟರನ್ನು ಮಾತ್ರ ತೆಗೆದು ಅಡ್ಡಪಟ್ಟಿಯನ್ನು ಉಳಿಸಿಕೊಂಡು ಸಾಧಿಸಲು ಹೋಗುವವರು, ಉಳಿಸಿದ ಅರ್ಧ ಗಂಟೆಗೆ ಅರ್ಧ ದಿನ ತೆರುತ್ತಾರೆ.

ಇನ್ನೊಂದು ಕಾರಣವನ್ನು ಹೆಚ್ಚಿನವರು ಗಮನಿಸುವುದಿಲ್ಲ, ಅದು ಕ್ರೇನಿನ ತೋಳು. ಮಡಿಸಿಡುವಂಥ 2 ಟನ್ನಿನ ಕ್ರೇನ್ ಎಂದರೆ ತೋಳು ಅತ್ಯಂತ ಗಿಡ್ಡವಿದ್ದಾಗ ಮಾತ್ರ 2 ಟನ್. ತೋಳನ್ನು ಪೂರ್ತಿ ಹೊರಗೆಳೆದಾಗ ಅದೇ ಕ್ರೇನಿನ ಯೋಗ್ಯತೆ ಸಾಮಾನ್ಯವಾಗಿ ಅರ್ಧ ಟನ್ನಿಗೆ ಇಳಿಯುತ್ತದೆ. ತೋಳಿನ ಮೇಲೆಯೇ ಅದನ್ನು ಬರೆದಿರುತ್ತಾರೆ, ನಾವು ಓದುವುದಿಲ್ಲ. ಕಮಿನ್ಸ್ 5.9 ಲೀಟರಿನ ಸಾಲು ಆರು ಸಿಲಿಂಡರಿನ ಎಂಜಿನ್ ಸುಮಾರು 500 ಕಿಲೋ ತೂಗುತ್ತದೆ. ಬಂಪರನ್ನೂ ಗ್ರಿಲ್ಲನ್ನೂ ಉಳಿಸಿಕೊಂಡು ದೂರದಿಂದ ತೋಳು ಚಾಚಿದರೆ ನೀವು ಕ್ರೇನಿನ ಕೊನೆಯ ಮಿತಿಯಲ್ಲಿ ನಿಂತಿರುತ್ತೀರಿ. ಮುಂಭಾಗ ಬಿಚ್ಚಿದರೆ ಕ್ರೇನ್ ಹತ್ತಿರ ಬರುತ್ತದೆ, ತೋಳು ಗಿಡ್ಡವಾಗುತ್ತದೆ, ಅದೇ ಕ್ರೇನ್ ಬಲಶಾಲಿಯಾಗುತ್ತದೆ. ಮುಂಭಾಗ ಬೋಲ್ಟಿನಿಂದ ಕೂಡಿದ್ದು ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೂ ಸೇರಿಸಿಯೇ.

ಆದರೆ ಒಂದು ಕಡೆ ಕ್ಯಾಬ್ ಎತ್ತುವವರು ಗೆಲ್ಲುತ್ತಾರೆ. ಅದು ಬೆಲ್ ಹೌಸಿಂಗಿನ, ಅಂದರೆ ಎಂಜಿನ್ನಿಗೆ ಕೂಡುವ ಗೇರ್‌ಬಾಕ್ಸಿನ ಗಂಟೆಯಾಕಾರದ ಮುಂತುದಿಯ, ಮೇಲಿನ ಬೋಲ್ಟುಗಳ ವಿಚಾರ. ಇದಕ್ಕೆ ಒಂದು ಪ್ರಸಂಗ ಹೇಳಬೇಕು. ನನ್ನ ಹಳೆಯ ವಿದ್ಯಾರ್ಥಿಗಳು ಈಗಾಗಲೇ ನಗುತ್ತಿದ್ದಾರೆ, ಅವರಿಗೆ ಇದು ಬಾಯಿಪಾಠ.

ನಾನು ಕೆಲಸಕ್ಕೆ ಸೇರಿ ಮೂರನೆಯ ವರ್ಷ. ಎಂಟು ಸಿಲಿಂಡರು ಎರಡು ಸಾಲಾಗಿ ವಿ ಆಕಾರದಲ್ಲಿರುವ ಒಂದು ವಿ-ಎಂಟು ಎಂಜಿನ್ನನ್ನು ಮುಂದಿನಿಂದ ತೆಗೆಯುವ ಹೊಣೆಯನ್ನು ನನಗೂ ನನ್ನದೇ ವಯಸ್ಸಿನ ಇನ್ನೊಬ್ಬನಿಗೂ ಒಪ್ಪಿಸಿದ್ದರು. ಎಲ್ಲವನ್ನೂ ಬಿಚ್ಚಿದೆವು, ಚೈನು ಕಟ್ಟಿದೆವು, ಕ್ರೇನನ್ನು ಒತ್ತಿದೆವು. ಎಂಜಿನ್ ಮೌಂಟಿಂಗಿನಿಂದ ಎದ್ದಿತು, ಗೇರ್‌ಬಾಕ್ಸಿನಿಂದ ಮಾತ್ರ ಬಿಡಲೊಲ್ಲದು. ಜೋಡಣೆಯ ಪಿನ್ನುಗಳು ಬಿಗಿದಿವೆ ಎಂದು ನಾನು ಹೇಳಿದೆ. ತುಕ್ಕು ಎಂದು ಅವನು ಹೇಳಿದ. ಸಂದಿಗೆ ಹಾರೆ ಕೊಟ್ಟೆವು. ಕೆಳಗಡೆ ಬೆರಳು ತೂರುವಷ್ಟು ಸಂದು ಬಿಟ್ಟುಕೊಂಡಿತು, ಮೇಲ್ಗಡೆ ಕೂದಲೆಳೆಯಷ್ಟೂ ಬಿಡಲಿಲ್ಲ. ಅದು ನಮಗೆ ಬಾಯಿಬಿಟ್ಟು ಹೇಳುತ್ತಿತ್ತು, ನಮಗೆ ಕಿವಿ ಇರಲಿಲ್ಲ. ಇನ್ನಷ್ಟು ಒತ್ತಿದೆವು, ಎಂಜಿನ್ ಬರುವ ಬದಲು ಟ್ರಕ್ಕಿನ ಮುಂಭಾಗವೇ ಸ್ಪ್ರಿಂಗಿನ ಮೇಲೆ ನಿಧಾನವಾಗಿ ಏಳತೊಡಗಿತು. ಆಗ ನಾವು ಎಷ್ಟು ಬುದ್ಧಿವಂತರೆಂದರೆ, ಕ್ರೇನ್ ಚೆನ್ನಾಗಿದೆ ಎಂದು ಸಂತೋಷಪಟ್ಟೆವು. ಮೂರು ಗಂಟೆ ಹೀಗೆ ಕಳೆದ ಮೇಲೆ ಹಿರಿಯ ಮೇಸ್ತ್ರಿ ಬಂದರು. ಅವರು ಎಂಜಿನ್ನನ್ನು ನೋಡಲೇ ಇಲ್ಲ. ನೆಲದ ಮೇಲಿದ್ದ ಬೋಲ್ಟಿನ ತಟ್ಟೆಯನ್ನು ಎತ್ತಿಕೊಂಡು, ಒಂದೊಂದಾಗಿ ಎಣಿಸಿ, ‘ತೂತು ಎಷ್ಟು, ಬೋಲ್ಟು ಎಷ್ಟು?’ ಎಂದು ಕೇಳಿದರು. ನಾವು ಬಿಚ್ಚಿದ್ದಕ್ಕಿಂತ ತೂತು ಒಂದು ಹೆಚ್ಚಾಗಿತ್ತು. ಆ ಒಂದು ಬೋಲ್ಟು ನೆತ್ತಿಯಲ್ಲಿ, ವೈರಿಂಗಿನ ಕಟ್ಟಿನ ಹಿಂದೆ, ಕಣ್ಣಿಗೆ ಕಾಣದಂತೆ ಕುಳಿತಿತ್ತು. ಅದನ್ನು ಬಿಚ್ಚಿದ ಕೂಡಲೇ ಎಂಜಿನ್ ಹೂವಿನಂತೆ ಬಂತು, ಆದರೆ ಅಲ್ಯೂಮಿನಿಯಮ್ಮಿನ ಬೆಲ್ ಹೌಸಿಂಗಿನ ಒಂದು ಕಿವಿ ಅಷ್ಟರಲ್ಲಿ ಬಿರುಕು ಬಿಟ್ಟಿತ್ತು. ನನ್ನ ಜೊತೆಗಾರ ಅಂದಿನಿಂದ ಕ್ಯಾಬ್ ಎತ್ತುವವರ ಪಕ್ಷ ಸೇರಿದ. ಎತ್ತಿದ್ದರೆ ಆ ಬೋಲ್ಟು ಕಾಣುತ್ತಿತ್ತು ಎಂಬ ಅವನ ಮಾತು ಸುಳ್ಳಲ್ಲ. ನಾನು ರಟ್ಟಿನ ಪಕ್ಷ ಸೇರಿದೆ. ರಟ್ಟಿನ ಮೇಲೆ ಬೆಲ್ ಹೌಸಿಂಗಿನ ಆಕಾರ ಬರೆದು, ಮ್ಯಾನ್ಯುಯಲ್ ನೋಡಿ ತೂತುಗಳನ್ನು ಗುರುತಿಸಿ, ಬಿಚ್ಚಿದ ಬೋಲ್ಟನ್ನು ಅದರದೇ ಸ್ಥಾನಕ್ಕೆ ಚುಚ್ಚುತ್ತ ಹೋದರೆ, ಖಾಲಿ ಉಳಿದ ತೂತು ಕ್ಯಾಬಿನ ಕೆಳಗಿದ್ದರೂ ಕಾಣುತ್ತದೆ.

ಆ ಮೇಲಿನ ಬೋಲ್ಟುಗಳನ್ನು ತಲುಪುವ ಬಗೆ ಹೀಗೆ: ಗೇರ್‌ಬಾಕ್ಸಿನ ಬಾಲದ ಕೆಳಗೆ ಜ್ಯಾಕ್ ಕೊಟ್ಟು, ಅದರ ಅಡ್ಡಪಟ್ಟಿಯನ್ನು ಬಿಚ್ಚಿ, ಬಾಲವನ್ನು ನಿಧಾನವಾಗಿ ಕೆಲವು ಸೆಂಟಿಮೀಟರ್ ಇಳಿಸಿದರೆ ಎಂಜಿನ್ನಿನ ಹಿಂಭಾಗ ಕೆಳಕ್ಕೆ ವಾಲಿ ಬೆಲ್ ಹೌಸಿಂಗಿನ ನೆತ್ತಿ ತೆರೆದುಕೊಳ್ಳುತ್ತದೆ. ಅದಕ್ಕೆ ಮೊದಲು ಫ್ಯಾನು ತನ್ನ ಸುತ್ತಣ ಕವಚವಾದ ಷ್ರೌಡಿಗೆ ತಾಗುವುದೇ, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಎಂಜಿನ್ನಿಗೂ ಕ್ಯಾಬಿಗೂ ನಡುವಿನ ತಗಡಿನ ಗೋಡೆಯಾದ ಫೈರ್‌ವಾಲಿಗೆ ಒತ್ತುವುದೇ ಎಂದು ನೋಡಿಕೊಳ್ಳಬೇಕು. ಬಳಿಕ ಗೇರ್‌ಬಾಕ್ಸಿನ ಬೆನ್ನಿನ ಮೇಲಿಂದ ಉದ್ದನೆಯ ಎಕ್ಸ್‌ಟೆನ್ಷನ್ನುಗಳನ್ನು ಜೋಡಿಸಿ, ತುದಿಯಲ್ಲಿ ತಿರುಗುವ ಕೀಲು ಹಾಕಿ, ಕೆಳಗಿನಿಂದಲೇ ಬಿಚ್ಚಬಹುದು. ಒಬ್ಬರು ಮೇಲಿನಿಂದ ಸಾಕೆಟ್ಟನ್ನು ಬೋಲ್ಟಿನ ತಲೆಗೆ ಕೂರಿಸಬೇಕು, ಇನ್ನೊಬ್ಬರು ಕೆಳಗೆ ತಿರುಗಿಸಬೇಕು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇದ್ದರೆ ಅದಕ್ಕೂ ಮೊದಲು, ಕ್ರ್ಯಾಂಕನ್ನು ಮುಂದಿನ ಬೋಲ್ಟಿನಿಂದ ತಿರುಗಿಸುತ್ತ, ಕ್ಲಚ್ಚಿನ ಬದಲು ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ನಟ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಕನ್ವರ್ಟರನ್ನು ಹಿಂದಕ್ಕೆ ತಳ್ಳಿ, ಅದು ಜಾರಿ ಬೀಳದಂತೆ ಒಂದು ಪಟ್ಟಿ ಕಟ್ಟಬೇಕು. ಮ್ಯಾನ್ಯುಯಲ್ ಗೇರ್‌ಬಾಕ್ಸ್ ಇದ್ದರೆ ಎಂಜಿನ್ನಿನ ತೂಕವನ್ನು ಗೇರ್‌ಬಾಕ್ಸಿನಿಂದ ಮುಂದೆ ಚಾಚಿದ ಇನ್‌ಪುಟ್ ಶಾಫ್ಟಿನ ಮೇಲೆ ಒಂದು ಕ್ಷಣವೂ ತೂಗುಬಿಡಬಾರದು, ಕ್ಲಚ್ ಪ್ಲೇಟಿನ ನಡು ಬಾಗಿಬಿಡುತ್ತದೆ.

ಟರ್ಬೊದ ಮಾತು ಬಂತು. ವಿ-ಎಂಟುಗಳಲ್ಲಿ ಅದು ಸಾಮಾನ್ಯವಾಗಿ ಎರಡು ಸಾಲುಗಳ ನಡುವಿನ ಕಣಿವೆಯಲ್ಲಿ, ಹಿಂಭಾಗಕ್ಕೆ ಕುಳಿತಿರುತ್ತದೆ. ಅದನ್ನೂ ಹೊಗೆಪೈಪಿನ ಪಟ್ಟಿಯನ್ನೂ ಮೊದಲೇ ತೆಗೆದರೆ ಫೈರ್‌ವಾಲಿನ ಬಳಿ ಕೈ ಆಡಲು ಎಡೆ ಸಿಗುತ್ತದೆ. ಫೋರ್ಡಿನ 6.0 ಲೀಟರ್ ಪವರ್‌ಸ್ಟ್ರೋಕ್ ಎಂಜಿನ್, ಅಂದರೆ 2003ರಿಂದ 2007ರವರೆಗಿನ ಸೂಪರ್ ಡ್ಯೂಟಿ ಟ್ರಕ್ಕುಗಳಲ್ಲಿ ಬಂದದ್ದು, ಕ್ಯಾಬ್ ಎತ್ತುವ ಚಟಕ್ಕೆ ಬಹುಮಟ್ಟಿಗೆ ಕಾರಣವಾಯಿತು ಎಂಬುದು ನನ್ನ ಅಭಿಪ್ರಾಯ. ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡಿನ ಬೋಲ್ಟು ಸಡಿಲವಾಗಿ ಗ್ಯಾಸ್ಕೆಟ್ ಹೋಗುವುದು, ಎಂಜಿನ್ನಿಗೆ ಮರಳಿಸುವ ಹೊಗೆಯನ್ನು ತಂಪಾಗಿಸುವ ಇಜಿಆರ್ ಕೂಲರ್ ಒಡೆಯುವುದು ಅದರಲ್ಲಿ ಎಷ್ಟು ಸಾಮಾನ್ಯವೆಂದರೆ ಹೆಡ್ಡುಗಳನ್ನು ಮತ್ತೆ ಮತ್ತೆ ಇಳಿಸಬೇಕಾಯಿತು. ಆದರೆ ಹೆಡ್ಡುಗಳನ್ನು ಕ್ಯಾಬ್ ಕೂತಿರುವಾಗಲೇ ಇಳಿಸಬಹುದು, ಇಳಿಸಿದ್ದೇನೆ. ಹೆಡ್ಡುಗಳು ಹೋದ ಮೇಲೆ ಉಳಿದ ಬ್ಲಾಕು ಹಗುರವೂ ಆಗುತ್ತದೆ, ಎತ್ತರವೂ ತಗ್ಗುತ್ತದೆ. 2008ರಲ್ಲಿ ಬಂದ 6.4 ಲೀಟರಿನಲ್ಲಿ ಒಂದರ ಹಿಂದೊಂದು ಎರಡು ಟರ್ಬೊ, ಅವುಗಳ ಪೈಪುಗಳು, ಎಲ್ಲ ಕಿಕ್ಕಿರಿದಿವೆ. ಒಳ್ಳೆಯ ಲಿಫ್ಟು ಇದ್ದು, ಬೋಲ್ಟುಗಳಿಗೆ ತುಕ್ಕು ಹಿಡಿಯದಿದ್ದು, ಕೈ ಪಳಗಿದವರು ಅಲ್ಲಿ ಕ್ಯಾಬ್ ಎತ್ತಿದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಬೆಳಗಿನ ಮಿತ್ರರು ಇದನ್ನು ಬರೆದುಕೊಳ್ಳುತ್ತಿರುವುದು ಕಾಣುತ್ತಿದೆ, ಬರೆದುಕೊಳ್ಳಲಿ.

ಹತ್ತೇ ನಿಮಿಷ ಉಳಿದಿದೆ ಎಂಬ ಚೀಟಿ ಬಂದಿದೆ, ಆದ್ದರಿಂದ ಉಳಿದದ್ದನ್ನು ಓಟದಲ್ಲಿ ಹೇಳುತ್ತೇನೆ. ಡೀಸೆಲ್ ಗಾಡಿಗಳಲ್ಲಿ ಬ್ಯಾಟರಿ ಎರಡಿರುವುದುಂಟು. ಎರಡರ ನೆಗೆಟಿವನ್ನೂ ಮೊದಲು ಕಳಚಿ. ಏಸಿ ಗ್ಯಾಸನ್ನು ಗಾಳಿಗೆ ಬಿಡಬೇಡಿ, ಯಂತ್ರದಿಂದ ಹೀರಿಸಿಕೊಳ್ಳಿ. ಬಾನೆಟ್ಟಿನ ಕೀಲಿನ ಸುತ್ತ ಗೆರೆ ಎಳೆದುಕೊಳ್ಳಿ, ಇಲ್ಲದಿದ್ದರೆ ಮರಳಿ ಕೂರಿಸುವಾಗ ಸಂದು ಸರಿಪಡಿಸುತ್ತ ಸಂಜೆಯಾಗುತ್ತದೆ. ಫ್ಯಾನಿನ ದೊಡ್ಡ ನಟ್ಟಿನ ತಿರುಪು ಯಾವ ಕಡೆಗೆ ಎಂದು ಮ್ಯಾನ್ಯುಯಲ್ ನೋಡಿ ಆಮೇಲೆ ಪೆಟ್ಟು ಹಾಕಿ. ಡೀಸೆಲ್ ಪೈಪನ್ನು ಬಿಚ್ಚಿದ ಕ್ಷಣವೇ ಎರಡೂ ಬಾಯಿಗೆ ಶುದ್ಧವಾದ ಮುಚ್ಚಳ ಹಾಕಿ. ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಕಾಮನ್ ರೈಲ್ ಕೊಳವೆಯಲ್ಲಿ ಒತ್ತಡ 1600 ಬಾರ್ ಎಂಬ ಅಳತೆಯನ್ನೂ ಮೀರಿ ಹೋಗುತ್ತದೆ, ಕಣ್ಣಿಗೆ ಕಾಣದ ಧೂಳಿನ ಕಣವೊಂದು ಇಂಜೆಕ್ಟರನ್ನು ಕೆಡಿಸಲು ಸಾಕು. ಅದೇ ಒತ್ತಡದ ಕಾರಣಕ್ಕೆ ಎಂಜಿನ್ ಓಡುತ್ತಿರುವಾಗ ಆ ಪೈಪನ್ನು ಯಾರೂ ಸಡಿಲಿಸಕೂಡದು, ಸೋರುವ ಜಾಗವನ್ನು ಬೆರಳಿಂದ ಹುಡುಕಲೂ ಕೂಡದು. ಸೋರುವ ಡೀಸೆಲ್ಲಿನ ಸಣ್ಣ ಧಾರೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ, ಹೋದರೆ ಗಾಯ ಚಿಕ್ಕದೆಂದು ಕಾಯದೆ ಆಸ್ಪತ್ರೆಗೆ ಓಡಬೇಕು. ತೂಗುವ ಎಂಜಿನ್ನಿನ ಕೆಳಗೆ ಕೈಯನ್ನಾಗಲಿ ಕಾಲನ್ನಾಗಲಿ ಇಡಬೇಡಿ.

ಮರಳಿ ಕೂರಿಸುವ ಬಗ್ಗೆ ಅರ್ಧ ಗಂಟೆ ಮಾತನಾಡಬೇಕೆಂದಿದ್ದೆ. ಒಂದನ್ನೇ ಹೇಳುತ್ತೇನೆ. ಕನ್ವರ್ಟರ್ ಪೂರ್ತಿ ಹಿಂದಕ್ಕೆ ಕೂತಿದೆಯೇ ಎಂದು ಬೆಲ್ ಹೌಸಿಂಗಿನ ಅಂಚಿನಿಂದ ಅಳತೆಪಟ್ಟಿ ಇಟ್ಟು ನೋಡಿ. ಎರಡೂ ಮುಖಗಳು ಕೈಯ ಒತ್ತಡಕ್ಕೇ ಕೂಡಬೇಕು. ಕೂಡದಿದ್ದರೆ ಬೋಲ್ಟಿನಿಂದ ಎಳೆದು ಕೂಡಿಸಬೇಡಿ, ಗೇರ್‌ಬಾಕ್ಸಿನ ಪಂಪು ಒಡೆಯುತ್ತದೆ. ಪ್ರಶ್ನೆಗಳನ್ನು ಇಲ್ಲಿ ಬೇಡ, ಅಂಗಳದಲ್ಲಿ ಕೇಳಿ. ಅಲ್ಲಿ ಮುಂಭಾಗ ಬಿಚ್ಚಿದ ಟ್ರಕ್ಕೊಂದನ್ನು ನಿಲ್ಲಿಸಿದ್ದಾರೆ. ಎಕ್ಸ್‌ಟೆನ್ಷನ್ನುಗಳನ್ನು ತಂದಿದ್ದೇನೆ, ರಟ್ಟನ್ನೂ ತಂದಿದ್ದೇನೆ. ಬೆಳಗಿನ ಮಿತ್ರರೂ ಬಂದರೆ ಕೆಳಗೆ ತಿರುಗಿಸಲು ಒಬ್ಬರು ಬೇಕಾಗಿದ್ದಾರೆ.