ಲೆಕ್ಕಕ್ಕೆ ಬಾರದ ಮಾತ್ರೆಗಳು

ಕೇಳುಗರೇ, ನಮಸ್ಕಾರ.

"ಬೇರೆ ಏನಾದ್ರೂ ಔಷಧಿ ತಗೊಳ್ತಿದ್ದೀರಾ?" ಎಂದು ಡಾಕ್ಟರು ಕೇಳಿದರೆ ಬಿಪಿ, ಶುಗರ್ ಮಾತ್ರೆ ಹೇಳಿ ಸುಮ್ಮನಾಗುತ್ತೇವೆ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದ ಗುಳಿಗೆ, ಕ್ಯಾಲ್ಸಿಯಂ, ಕಷಾಯ ಇವೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ಎಷ್ಟೋ ಸಲ ಔಷಧಿಗಳ ತಿಕ್ಕಾಟ ಶುರುವಾಗುವುದು ಅಲ್ಲೇ.

ಥೈರಾಯ್ಡ್ ಮಾತ್ರೆಯನ್ನೇ ನೋಡಿ. ಅದರ ಜೊತೆಗೇ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ನುಂಗಿದರೆ ಎರಡೂ ಹೊಟ್ಟೆಯಲ್ಲೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಥೈರಾಯ್ಡ್ ಸಾಲದಿದ್ದಾಗ ರಕ್ತದಲ್ಲಿ ಏರುವ ಟಿಎಸ್‌ಎಚ್ ಎಂಬ ಹಾರ್ಮೋನು ಇಳಿಯಲಿಲ್ಲ ಅಂತ ಡೋಸ್ ಏರುತ್ತದೆ. 4 ಗಂಟೆ ಅಂತರ ಕೊಟ್ಟಿದ್ದರೆ ಸಾಕಿತ್ತು, ಅಲ್ವಾ?

ಹಣ್ಣೂ ಔಷಧಿಯ ಲೆಕ್ಕ ತಪ್ಪಿಸಬಲ್ಲದು. ಕೆನಡಾದ ಸಂಶೋಧಕ ಡೇವಿಡ್ ಬೇಲಿ ಮತ್ತು ಸಂಗಡಿಗರು ಫೆಲೋಡಿಪಿನ್ ಎಂಬ ಬಿಪಿ ಮಾತ್ರೆಯನ್ನು ಮದ್ಯದ ಜೊತೆ ಕೊಟ್ಟು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿ ಗೊತ್ತಾಗದಿರಲೆಂದು ಗ್ರೇಪ್‌ಫ್ರೂಟ್ ಎಂಬ ಕಿತ್ತಳೆ ಜಾತಿಯ ಹಣ್ಣಿನ ರಸ ಬೆರೆಸಿದ್ದರು. ನೋಡಿದರೆ ರಕ್ತದಲ್ಲಿ ಔಷಧಿ ಎಣಿಸಿದ್ದಕ್ಕಿಂತ ಬಹಳ ಜಾಸ್ತಿ! ಅದು ಮದ್ಯದ ಕೆಲಸವಲ್ಲ, ರಸದ್ದು. 1989ರಲ್ಲಿ ಇದನ್ನು ಪ್ರಕಟಿಸಿದರು. ನಮ್ಮ ಕರುಳಿನ ಒಳಪದರದಲ್ಲಿ ಒಂದು ಕಿಣ್ವ ಇದೆ. ಇಂಥ ಮಾತ್ರೆಗಳ ಒಂದು ಪಾಲನ್ನು ಅದು ರಕ್ತಕ್ಕೆ ಹೋಗುವ ಮೊದಲೇ ಒಡೆದುಹಾಕುತ್ತದೆ. ಡೋಸ್ ಗೊತ್ತುಮಾಡುವಾಗ ಆ ನಷ್ಟವನ್ನೂ ಎಣಿಸಿರುತ್ತಾರೆ. ರಸ ಆ ಕಿಣ್ವದ ಕೈ ಕಟ್ಟಿಬಿಟ್ಟರೆ ಒಂದು ಮಾತ್ರೆಗೆ ಎರಡು ಮೂರು ನುಂಗಿದಷ್ಟು ಪರಿಣಾಮ. ಗ್ರೇಪ್‌ಫ್ರೂಟ್ ನಮ್ಮಲ್ಲಿ ಅಪರೂಪ, ನಿಜ. ಆದರೆ ಅದು ಚಕ್ಕೋತ, ಕಿತ್ತಳೆಗಳ ಬೆರಕೆ. ಕಿಡ್ನಿ ಕಸಿ ಆದವರು, ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳುವವರು ದೇವನಹಳ್ಳಿ ಚಕ್ಕೋತ ಬಿಡಿಸುವ ಮೊದಲು ಡಾಕ್ಟರನ್ನು ಕೇಳಿ.

ನನಗೆ ಎಲ್ಲಕ್ಕಿಂತ ಭಯ ನೋವಿನ ಗುಳಿಗೆಯದು. ಹೃದಯದ ಕವಾಟ ಬದಲಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ತಗೊಳ್ಳುತ್ತಾರೆ. ಅದರ ಮೇಲೆ ಡೈಕ್ಲೋಫೆನಾಕ್ ಎಂಬ ನೋವಿನ ಗುಳಿಗೆ ಸೇರಿದರೆ ಹೊಟ್ಟೆಯೊಳಗೆ ರಕ್ತ ಸುರಿಯಬಹುದು. ಮಲ ಡಾಂಬರಿನಂತೆ ಕಪ್ಪಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಇದಕ್ಕೆ ವಿರುದ್ಧವಾಗಿ ಕೆಲಸ ಮಾಡಿ ವಾರ್ಫರಿನ್ ಬಲ ತಗ್ಗಿಸುತ್ತದೆ. ಹಾಗಂತ ಸೊಪ್ಪು ಬಿಡಬೇಡಿ. ಒಂದು ವಾರ ದಿನಾ ಬಸ್ಸಾರು, ಮುಂದಿನ ವಾರ ಸೊಪ್ಪೇ ಇಲ್ಲ, ಈ ಏರುಪೇರು ಬೇಡ ಅಷ್ಟೇ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಸ್ಟ್ರಿಪ್, ಸಿರಪ್, ಚೂರ್ಣ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಇದನ್ನು ಕೇಳಿ ಗಾಬರಿಯಾಗಿ ನಡೆಯುತ್ತಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಔಷಧಿಯಿಂದ ಅಡ್ಡಪರಿಣಾಮ ಆಯಿತು ಅನಿಸಿದರೆ ತಿಳಿಸಲು ಸರ್ಕಾರದ ಉಚಿತ ಸಹಾಯವಾಣಿ ಇದೆ. ಬರೆದುಕೊಳ್ಳಿ: 1800 180 3024.